ಜಪಾನಿ ಕ್ರಿಯಾಪದದ ಸರಳರೂಪ: ‘ಮಸು’ ದಾಟಿದ ಮೇಲಿನ ದಾರಿ

ಜಪಾನಿ ಕಲಿಯಲು ಕೂತವರಿಗೆ ಮೊದಲ ಕೆಲವು ತಿಂಗಳು ಎಲ್ಲ ಕ್ರಿಯಾಪದವೂ ‘ಮಸು’ ಎಂದೇ ಮುಗಿಯುತ್ತದೆ. ‘ತಬೆಮಸು’ ತಿನ್ನುತ್ತೇನೆ, ‘ಇಕಿಮಸು’ ಹೋಗುತ್ತೇನೆ, ‘ನೊಮಿಮಸು’ ಕುಡಿಯುತ್ತೇನೆ. ಇದು ಮರ್ಯಾದೆಯ ರೂಪ. ಅಂಗಡಿಯಲ್ಲಿ, ಕಚೇರಿಯಲ್ಲಿ, ಅಪರಿಚಿತರ ಹತ್ತಿರ ಎಲ್ಲಿ ಬಳಸಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ಪಾಠದಲ್ಲಿ ‘ಫುತ್ಸೂಕೇ’, ಅಂದರೆ ಸರಳರೂಪ, ಬರುತ್ತದೆ. ‘ತಬೆಮಸು’ ಇದ್ದದ್ದು ‘ತಬೆರು’ ಆಗುತ್ತದೆ, ‘ಇಕಿಮಸು’ ಇದ್ದದ್ದು ‘ಇಕು’. ಇದು ಗೆಳೆಯರ ಜೊತೆ ಆಡುವ ಭಾಷೆ ಎಂದು ಯಾರೋ ಹೇಳುತ್ತಾರೆ. ಬಿಡದಿಯ ಕಾರ್ಖಾನೆಯಲ್ಲೋ ಬೆಂಗಳೂರಿನ ಕಂಪನಿಯಲ್ಲೋ ಜಪಾನಿನಿಂದ ಬಂದ ಹಿರಿಯರ ಜೊತೆ ಮಾತಾಡಲೆಂದು ಕಲಿಯುತ್ತಿರುವವರು, ಹಾಗಾದರೆ ನಮಗೆ ಅಷ್ಟೇನೂ ಬೇಕಿಲ್ಲ ಎಂದುಕೊಂಡು ಅರ್ಧ ಮನಸ್ಸಿನಿಂದ ಓದುತ್ತಾರೆ. ಅಲ್ಲಿಂದ ಮುಂದಿನ ವ್ಯಾಕರಣವೆಲ್ಲ ಗೋಜಲಾಗುತ್ತದೆ.

ಗೆಳೆಯರ ಜೊತೆಗಿನ ಮಾತು ಸರಳರೂಪದ ಹಲವು ಕೆಲಸಗಳಲ್ಲಿ ಒಂದು, ಅಷ್ಟೆ. ಅದರ ದೊಡ್ಡ ಕೆಲಸ ಇರುವುದು ವಾಕ್ಯದ ಒಳಗೆ. ಈ ಕನ್ನಡ ವಾಕ್ಯ ನೋಡಿ: ‘ನಿನ್ನೆ ಕೊಂಡ ಹಣ್ಣನ್ನು ತಿನ್ನುವ ಮುಂಚೆ ತೊಳೆಯಬೇಕು ಅಂತ ಅಮ್ಮ ಹೇಳಿದರು.’ ಕೊಳ್ಳು, ತಿನ್ನು, ತೊಳೆ, ಹೇಳು ಎಂದು ನಾಲ್ಕು ಕ್ರಿಯೆಗಳಿವೆ. ಯಾರು, ಎಷ್ಟು ಮರ್ಯಾದೆ ಎಂಬುದೆಲ್ಲ ಕೊನೆಯ ‘ಹೇಳಿದರು’ ಒಂದಕ್ಕೇ ಅಂಟಿಕೊಂಡಿದೆ. ‘ಕೊಂಡ’, ‘ತಿನ್ನುವ’ ಬೋಳಾಗಿವೆ. ಜಪಾನಿಯಲ್ಲೂ ಹೀಗೇ: ‘ಕಿನೋ ಕತ್ತ ಕುದಮೊನೊ ಒ ತಬೆರು ಮಯೆ ನಿ ಅರವನಕೆರೆಬ ನರನೈ ತೊ ಹಹ ಗ ಈಮಶಿತ.’ ಒಳಗಿನ ‘ಕತ್ತ’, ‘ತಬೆರು’, ‘ನರನೈ’ ಮೂರೂ ಸರಳರೂಪ. ಕೊನೆಯ ‘ಈಮಶಿತ’ ಮಾತ್ರ ಮರ್ಯಾದೆಯದು. ಇದನ್ನು ಪ್ರಧಾನಮಂತ್ರಿಯ ಎದುರು ಹೇಳಿದರೂ ಒಳಗಿನವು ಹೀಗೇ ಇರುತ್ತವೆ. ಆದ್ದರಿಂದ ಸರಳರೂಪವನ್ನು ಸಲಿಗೆಯ ಭಾಷೆ ಎಂದು ಓದದೆ, ವಾಕ್ಯದ ನಡುವೆ ಕೂರುವ ರೂಪ ಎಂದು ಓದಿ. ಕನ್ನಡ ಬಲ್ಲವರಿಗೆ ಈ ದಾರಿಯಲ್ಲಿ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಶುರು ಮಾಡುವ ಮುನ್ನ

ಇಲ್ಲಿ ಜಪಾನಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಇದು ಓದಿನ ಅನುಕೂಲಕ್ಕೆ ಮಾತ್ರ. ಜಪಾನಿಯ ಮೂಲ ಅಕ್ಷರಮಾಲೆಯಾದ ಹಿರಗಾನ ಕಲಿಯದೆ ಮುಂದೆ ಹೋಗಬೇಡಿ. ಆದರೂ ಕನ್ನಡ ಲಿಪಿಗೆ ಒಂದು ಸೌಲಭ್ಯವಿದೆ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ವ್ಯತ್ಯಾಸವನ್ನು ಅದು ತೋರಿಸುತ್ತದೆ, ಜಪಾನಿಗೆ ಅದು ಬೇಕೇ ಬೇಕು. ಕೆಳಗಿನ ಪದಗಳಲ್ಲಿ ಹ್ರಸ್ವ ಇದ್ದಲ್ಲಿ ಹ್ರಸ್ವವನ್ನೇ ಹೇಳಿ. ‘ಅ’ ಮಾತ್ರ ನಮ್ಮ ‘ಅ’ಗಿಂತ ಸ್ವಲ್ಪ ಬಾಯಿ ತೆರೆದು, ಆದರೆ ‘ಆ’ದಷ್ಟು ಎಳೆಯದೆ. ‘ಮಸು’ವಿನ, ನಾಮಪದದ ಜೊತೆ ಬರುವ ‘ದೆಸು’ವಿನ ಕೊನೆಯ ‘ಉ’ ಮಾತಿನಲ್ಲಿ ಬಹುಮಟ್ಟಿಗೆ ಕರಗಿ ‘ಮಸ್’, ‘ದೆಸ್’ ಎಂದು ಕೇಳುತ್ತದೆ.

ಸರಳರೂಪ ಎಂದರೆ ಒಂದೇ ರೂಪವಲ್ಲ, ನಾಲ್ಕರ ಗುಂಪು. ‘ಕಕು’ ಬರೆಯುತ್ತೇನೆ, ‘ಕಕನೈ’ ಬರೆಯುವುದಿಲ್ಲ, ‘ಕೈತ’ ಬರೆದೆ, ‘ಕಕನಕತ್ತ’ ಬರೆಯಲಿಲ್ಲ. ಮೊದಲನೆಯದಕ್ಕೆ ‘ಜಿಶೊಕೇ’, ಅಂದರೆ ನಿಘಂಟಿನ ರೂಪ, ಎಂದು ಹೆಸರು. ನಿಘಂಟಿನಲ್ಲಿ ಸಿಗುವುದು ಇದೇ. ‘ಕಕಿಮಸು’ ಎಂದು ಹುಡುಕಿದರೆ ಹಳೆಯ ಕಾಗದದ ನಿಘಂಟುಗಳಲ್ಲಿ ಏನೂ ಸಿಗುವುದಿಲ್ಲ. ನಾನು, ನೀನು, ಅವನು, ಅವಳು, ಅವರು ಯಾರೇ ಆದರೂ ‘ಕಕು’ ಒಂದೇ. ಬರೆಯುತ್ತೇನೆ, ಬರೆಯುತ್ತೀಯ, ಬರೆಯುತ್ತಾಳೆ ಎಂಬ ಪ್ರತ್ಯಯಗಳ ಸಂತೆ ಇಲ್ಲಿಲ್ಲ.

ಮೊದಲ ಹೆಜ್ಜೆ: ಕ್ರಿಯಾಪದ ಯಾವ ಗುಂಪಿನದು?

ಜಪಾನಿ ಕ್ರಿಯಾಪದಗಳಲ್ಲಿ ಮೂರು ಗುಂಪುಗಳು. ಮೂರನೆಯದರಲ್ಲಿ ಎರಡೇ ಎರಡು: ‘ಸುರು’ (ಮಾಡು), ‘ಕುರು’ (ಬಾ). ‘ಬೆನ್ಕ್ಯೋ ಸುರು’ (ಓದು, ಅಭ್ಯಾಸ ಮಾಡು), ‘ಸೋಜಿ ಸುರು’ (ಗುಡಿಸಿ ಒರೆಸು) ಮುಂತಾದ ಜೋಡಿಪದಗಳೂ ‘ಸುರು’ವಿನ ಬೆನ್ನಿಗೇ ಬರುತ್ತವೆ.

ಉಳಿದವನ್ನು ಬೇರ್ಪಡಿಸಲು ‘ಮಸು’ವಿನ ಹಿಂದಿನ ಅಕ್ಷರ ನೋಡಿ. ಅಲ್ಲಿ ‘ಎ’ಕಾರ ಇದ್ದರೆ ಕಣ್ಣು ಮುಚ್ಚಿ ಎರಡನೆಯ ಗುಂಪಿಗೆ ಹಾಕಿ: ತಬೆಮಸು, ನೆಮಸು (ಮಲಗು), ಒಶಿಎಮಸು (ಕಲಿಸು). ‘ಇ’ಕಾರ ಇದ್ದರೆ ಹೆಚ್ಚಿನವು ಮೊದಲನೆಯ ಗುಂಪು: ಕಕಿಮಸು, ಯೊಮಿಮಸು (ಓದು), ಹನಶಿಮಸು (ಮಾತಾಡು). ಆದರೆ ‘ಇ’ಕಾರ ಇದ್ದೂ ಎರಡನೆಯ ಗುಂಪಿಗೆ ಸೇರುವ ಕೆಲವು ಇವೆ, ಇವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ: ಮಿಮಸು (ನೋಡು), ಇಮಸು (ಇರು), ಒಕಿಮಸು (ಏಳು), ಕರಿಮಸು (ಸಾಲ ತಗೋ), ಒರಿಮಸು (ಇಳಿ), ಅಬಿಮಸು (ಸ್ನಾನದಲ್ಲಿ ನೀರು ಹುಯ್ದುಕೋ), ದೆಕಿಮಸು (ಆಗು, ಸಾಧ್ಯವಾಗು), ಕಿಮಸು (ಬಟ್ಟೆ ಹಾಕಿಕೋ). ಆರಂಭದ ಮಟ್ಟಕ್ಕೆ ಇಷ್ಟು ಸಾಕು.

ನಿಘಂಟಿನ ರೂಪದಿಂದ ಹೊರಟರೆ ತೊಡಕು ಇನ್ನೊಂದು ಕಡೆ. ಎರಡನೆಯ ಗುಂಪಿನವೆಲ್ಲ ‘ಎರು’ ಅಥವಾ ‘ಇರು’ ಎಂದು ಮುಗಿಯುತ್ತವೆ. ಆದರೆ ಹಾಗೆ ಮುಗಿಯುವುದೆಲ್ಲ ಎರಡನೆಯ ಗುಂಪಲ್ಲ. ‘ಕಎರು’ (ಮನೆಗೆ ಮರಳು), ‘ಹೈರು’ (ಒಳಗೆ ಹೋಗು), ‘ಹಶಿರು’ (ಓಡು), ‘ಶಿರು’ (ತಿಳಿ), ‘ಶಬೆರು’ (ಹರಟು) ಇವೆಲ್ಲ ಮೊದಲನೆಯ ಗುಂಪಿನವು. ಹಿರಗಾನದಲ್ಲಿ ಒಂದೇ ರೀತಿ ಬರೆದರೂ ಬೇರೆ ಗುಂಪಿಗೆ ಸೇರುವ ಜೋಡಿಗಳೂ ಇವೆ: ‘ಕಿರು’ ಎಂದರೆ ಕತ್ತರಿಸು ಆದಾಗ ಮೊದಲ ಗುಂಪು, ಬಟ್ಟೆ ಹಾಕಿಕೋ ಆದಾಗ ಎರಡನೆಯದು. ಹೊಸ ಪದ ಕಲಿಯುವಾಗಲೇ ಅದರ ‘ನೈ’ ರೂಪವನ್ನೂ ಜೊತೆಗೇ ಬರೆದುಕೊಂಡರೆ ಈ ರಗಳೆ ತಪ್ಪುತ್ತದೆ. ‘ಕಿರು, ಕಿರನೈ’ ಎಂದಿದ್ದರೆ ಕತ್ತರಿಸು. ‘ಕಿರು, ಕಿನೈ’ ಎಂದಿದ್ದರೆ ಬಟ್ಟೆ.

ಎರಡನೆಯ ಹೆಜ್ಜೆ: ಕಾಗುಣಿತ ಹತ್ತಿ ಇಳಿಯುವುದು

ಎರಡನೆಯ ಗುಂಪಿಗೆ ಏನೂ ಕಷ್ಟವಿಲ್ಲ. ‘ಮಸು’ ತೆಗೆದು ‘ರು’ ಹಾಕಿ: ತಬೆರು, ನೆರು, ಮಿರು, ಒಕಿರು. ಮೊದಲನೆಯ ಗುಂಪಿಗೆ ನಮ್ಮ ಕಾಗುಣಿತವೇ ಕೀಲಿ. ‘ಕ ಕಿ ಕು ಕೆ ಕೊ’ ಎಂದು ಹೇಳಿಕೊಳ್ಳಿ. ‘ಕಕಿಮಸು’ವಿನ ‘ಕಿ’ಯನ್ನು ‘ಕು’ ಮಾಡಿದರೆ ‘ಕಕು’, ನಿಘಂಟಿನ ರೂಪ. ಅದನ್ನೇ ‘ಕ’ ಮಾಡಿ ‘ನೈ’ ಹಚ್ಚಿದರೆ ‘ಕಕನೈ’, ನಿಷೇಧ. ಮುಂದೆ ಕಲಿಯಲಿರುವ ‘ಕಕೆಬ’ (ಬರೆದರೆ), ‘ಕಕೋ’ (ಬರೆಯೋಣ) ಕೂಡ ಇದೇ ಸಾಲಿನಲ್ಲಿ ‘ಕೆ’, ‘ಕೊ’ ಮೆಟ್ಟಿಲುಗಳ ಮೇಲೆ ಕೂತಿವೆ. ಜಪಾನಿ ವ್ಯಾಕರಣದಲ್ಲಿ ಈ ಗುಂಪಿಗೆ ‘ಗೊದನ್’, ಅಂದರೆ ಐದು ಮೆಟ್ಟಿಲಿನದು, ಎಂಬ ಹೆಸರು ಬಂದದ್ದು ಇದರಿಂದಲೇ.

ಇದು ನಮಗೆ ಸಲೀಸಾಗಿ ಕಾಣುವುದಕ್ಕೆ ಕಾರಣವಿದೆ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ ಎನ್ನುವ ಜಪಾನಿ ಅಕ್ಷರಗಳ ಅನುಕ್ರಮ ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ವರ್ಣಮಾಲೆಯ ದೂರದ ನೆಂಟರೇ ಸರಿ.

ಅಕ್ಷರದ ಉಚ್ಚಾರ ಬದಲಾಗುವ ಎರಡು ಜಾಗಗಳಲ್ಲಿ ಮಾತ್ರ ಎಚ್ಚರ ಬೇಕು. ‘ಹನಶಿಮಸು’ ಎಂಬುದು ‘ಹನಸು’ ಆಗುತ್ತದೆ, ಏಕೆಂದರೆ ಜಪಾನಿಯಲ್ಲಿ ‘ಸ’ ಸಾಲು ‘ಸ ಶಿ ಸು ಸೆ ಸೊ’. ‘ಮಚಿಮಸು’ (ಕಾಯು) ಎಂಬುದು ‘ಮತ್ಸು’ ಆಗುತ್ತದೆ, ‘ತ’ ಸಾಲು ‘ತ ಚಿ ತ್ಸು ತೆ ತೊ’ ಆದ್ದರಿಂದ. ‘ಕೈಮಸು’ (ಕೊಂಡುಕೋ) ‘ಕೌ’ ಆಗುತ್ತದೆ. ಮೂರನೆಯ ಗುಂಪು ಗೊತ್ತೇ ಇದೆ: ‘ಶಿಮಸು’ ‘ಸುರು’ ಆಗುತ್ತದೆ, ‘ಕಿಮಸು’ (ಬಾ) ‘ಕುರು’ ಆಗುತ್ತದೆ.

ಮೂರನೆಯ ಹೆಜ್ಜೆ: ‘ನೈ’, ‘ನಕತ್ತ’

ಎರಡನೆಯ ಗುಂಪು: ತಬೆನೈ, ನೆನೈ, ಮಿನೈ. ಮೊದಲನೆಯದು: ಕಕನೈ, ಯೊಮನೈ, ಹನಸನೈ, ಮತನೈ, ಕಎರನೈ, ಅಸೊಬನೈ (ಆಡುವುದಿಲ್ಲ). ಮೂರನೆಯದು: ಶಿನೈ, ಕೊನೈ. ‘ಕುರು’ವಿನ ‘ಕು’ ಇಲ್ಲಿ ‘ಕೊ’ ಆದದ್ದು ಗಮನಿಸಿ. ಇದನ್ನು ‘ಕಿನೈ’ ಎನ್ನುವವರು ಬಹಳ.

‘ಕೌ’ ಥರ ‘ಉ’ ಎಂದು ಮುಗಿಯುವ ಪದಗಳಿಗೆ ‘ಅ’ ಹಾಕಬಾರದು, ‘ವ’ ಹಾಕಬೇಕು: ಕವನೈ. ‘ಔ’ (ಭೇಟಿಯಾಗು) ‘ಅವನೈ’ ಆಗುತ್ತದೆ. ಹಿಂದೆ ಈ ಪದಗಳ ಕೊನೆಯಲ್ಲಿ ‘ಪ’ಕಾರವಿತ್ತು, ಅದು ಸವೆಯುತ್ತ ಬಂದು ‘ಅ’ದ ಮುಂದೆ ಮಾತ್ರ ‘ವ’ ಆಗಿ ಉಳಿಯಿತು. ಹಳಗನ್ನಡದ ‘ಪಾಲು’ ‘ಹಾಲು’ ಆದದ್ದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸುವುದಿಲ್ಲ. ‘ಅರು’ (ವಸ್ತು ಇರು) ಎಂಬುದರ ನಿಷೇಧ ಬರೀ ‘ನೈ’. ‘ಅರನೈ’ ಎಂದು ಹೇಳುವುದಿಲ್ಲ.

‘ನೈ’ ಆದ ಮೇಲೆ ಭೂತಕಾಲದ ನಿಷೇಧಕ್ಕೆ ಬೇರೆ ಪಾಠ ಬೇಡ. ‘ನೈ’ ತೆಗೆದು ‘ನಕತ್ತ’ ಹಾಕಿದರಾಯಿತು: ತಬೆನಕತ್ತ, ಕಕನಕತ್ತ, ಕೊನಕತ್ತ.

ನಾಲ್ಕನೆಯ ಹೆಜ್ಜೆ: ಭೂತಕಾಲದ ‘ತ’

‘ತೆ’ ರೂಪ (ನಮ್ಮ ‘ಬರೆದು’, ‘ತಿಂದು’ ಇದ್ದ ಹಾಗೆ) ನಿಮಗೆ ಬರುತ್ತಿದ್ದರೆ ‘ತೆ’ಯನ್ನು ‘ತ’, ‘ದೆ’ಯನ್ನು ‘ದ’ ಮಾಡಿ ಮುಂದಕ್ಕೆ ಹೋಗಿ. ಬಾರದಿದ್ದರೆ ಇಲ್ಲಿ ಸ್ವಲ್ಪ ಕೂರಬೇಕು. ಎರಡನೆಯ ಮತ್ತು ಮೂರನೆಯ ಗುಂಪು ಸುಲಭ: ತಬೆತ, ಮಿತ, ಶಿತ, ಕಿತ. ಮೊದಲ ಗುಂಪಿನಲ್ಲಿ ಕೊನೆಯ ಅಕ್ಷರದ ಮೇಲೆ ಹೋಗುತ್ತದೆ.

ಉ, ತ್ಸು, ರು ಇದ್ದರೆ ‘ತ್ತ’: ಕೌ, ಕತ್ತ, ಮತ್ಸು, ಮತ್ತ, ಕಎರು, ಕಎತ್ತ.
ಮು, ಬು, ನು ಇದ್ದರೆ ‘ಂದ’: ಯೊಮು, ಯೊಂದ, ಅಸೊಬು, ಅಸೊಂದ, ಶಿನು (ಸಾಯಿ), ಶಿಂದ.
ಕು ಇದ್ದರೆ ‘ಇತ’, ಗು ಇದ್ದರೆ ‘ಇದ’: ಕಕು, ಕೈತ, ಒಯೊಗು (ಈಜು), ಒಯೊಯಿದ.
ಸು ಇದ್ದರೆ ‘ಶಿತ’: ಹನಸು, ಹನಶಿತ.

ಈ ಮಟ್ಟದಲ್ಲಿ ನಿಯಮ ಮುರಿಯುವುದು ‘ಇಕು’ (ಹೋಗು) ಒಂದೇ. ಅದು ‘ಇಯಿತ’ ಆಗಬೇಕಿತ್ತು, ಆಗುವುದು ‘ಇತ್ತ’. ಕೊಡು ಕೊಟ್ಟ, ಬೀಳು ಬಿದ್ದ, ನಗು ನಕ್ಕ, ಕೊಳ್ಳು ಕೊಂಡ ಎಂದು ಲೆಕ್ಕವಿಲ್ಲದಷ್ಟು ಮಾರ್ಪಾಡುಗಳನ್ನು ಚಿಕ್ಕಂದಿನಲ್ಲೇ ನುಂಗಿಕೊಂಡವರಿಗೆ ಜಪಾನಿಯ ಈ ಒಂದು ಅಪವಾದ ಹೆಚ್ಚೇನಲ್ಲ.

ಈ ನಾಲ್ಕು ರೂಪ ಬಾಯಿಗೆ ಕೂರುವ ತನಕ ಬಳಕೆಗೆ ಹಾರಬೇಡಿ. ದಿನಕ್ಕೆ ಐದು ಕ್ರಿಯಾಪದ ಸಾಕು. ‘ಯೊಮು, ಯೊಮನೈ, ಯೊಂದ, ಯೊಮನಕತ್ತ’ ಎಂದು ಗಟ್ಟಿಯಾಗಿ, ಮಗ್ಗಿ ಹೇಳಿದ ಹಾಗೆ. ಬರೆದು ಕಲಿತದ್ದು ಪರೀಕ್ಷೆಗೆ ಬರುತ್ತದೆ. ಮಾತಾಡುವಾಗ ನೆರವಿಗೆ ಬರುವುದು ಬಾಯಲ್ಲಿ ಆಡಿ ಆಡಿ ಕಲಿತದ್ದು.

ಒಳಗಿನ ಕೆಲಸಗಳು

ಈಗ ನಿಜವಾದ ವಿಷಯ. ಜಪಾನಿ ಎಷ್ಟು ಬರುತ್ತದೆ ಎಂದು ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯನ್ನು ಬೆಂಗಳೂರಿನಲ್ಲೂ ಬರೆಯಬಹುದು. ಅದರ ಆರಂಭದ ಮಟ್ಟವಾದ ಎನ್‌5 ದಾಟಿ ಎನ್‌4ಕ್ಕೆ ಹೋಗುವವರು ಕಲಿಯುವ ವಾಕ್ಯರಚನೆಗಳಲ್ಲಿ ದೊಡ್ಡ ಪಾಲು ಸರಳರೂಪದ ಮೇಲೇ ನಿಂತಿದೆ. ಅವನ್ನು ಒಂದೊಂದಾಗಿ ಉರು ಹೊಡೆಯುವ ಬದಲು ಕನ್ನಡದಲ್ಲಿ ಆ ಜಾಗದಲ್ಲಿ ಏನಿದೆ ಎಂದು ನೋಡಿ.

ನಾಮಪದದ ಮುಂದೆ. ‘ವತಶಿ ಗ ಕೈತ ತೆಗಮಿ’, ನಾನು ಬರೆದ ಪತ್ರ. ‘ಅಶಿತ ಕುರು ಹಿತೊ’, ನಾಳೆ ಬರುವವರು. ಪದಗಳ ಸಾಲು ಕೂಡ ಅದಲುಬದಲಾಗುವುದಿಲ್ಲ. ಕನ್ನಡದಲ್ಲಿ ‘ಬರೆಯುತ್ತಾನೆ’ ಬೇರೆ, ‘ಬರೆಯುವ’ ಬೇರೆ. ಜಪಾನಿಯಲ್ಲಿ ಎರಡಕ್ಕೂ ‘ಕಕು’. ಹಿಂದೆ ಅಲ್ಲೂ ಹಲವು ಕ್ರಿಯಾಪದಗಳಿಗೆ ವಾಕ್ಯ ಮುಗಿಸುವ ರೂಪ, ನಾಮಪದಕ್ಕೆ ಅಂಟುವ ರೂಪ ಎಂದು ಎರಡಿದ್ದವು, ಮಧ್ಯಯುಗದಲ್ಲಿ ಒಂದಾದವು. ನೆನಪಿಡಬೇಕಾದ ಸಣ್ಣ ಮಾತೆಂದರೆ, ಒಳವಾಕ್ಯದ ಕರ್ತೃವಿಗೆ ಮಾತಿನ ವಿಷಯ ತೋರಿಸುವ ‘ವ’ ಹಾಕಬೇಡಿ, ಕರ್ತೃ ತೋರಿಸುವ ‘ಗ’ ಹಾಕಿ. ‘ವತಶಿ ವ ಕೈತ ತೆಗಮಿ’ ಎಂದರೆ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ.

ಕನ್ನಡವೇ ದಾರಿ ತಪ್ಪಿಸುವ ಒಂದು ಜಾಗವೂ ಇಲ್ಲಿದೆ. ‘ನಾಳೆ ಬಾರದ ಹುಡುಗ’, ‘ನಿನ್ನೆ ಬಾರದ ಹುಡುಗ’ ಎರಡರಲ್ಲೂ ನಮ್ಮ ‘ಬಾರದ’ ಒಂದೇ. ಅದಕ್ಕೆ ಕಾಲ ಇಲ್ಲ. ಜಪಾನಿಯಲ್ಲಿ ಕಾಲ ಇದೆ. ನಾಳೆಯ ಹುಡುಗನಿಗೆ ‘ಕೊನೈ’, ನಿನ್ನೆಯವನಿಗೆ ‘ಕೊನಕತ್ತ’. ‘ಕಿನೋ ಕೊನೈ ಹಿತೊ’ ಎಂದು ಕನ್ನಡಿಗರು ಸರಾಗವಾಗಿ ಹೇಳಿಬಿಡುತ್ತಾರೆ. ‘ಕಿನೋ ಕೊನಕತ್ತ ಹಿತೊ’ ಸರಿ.

ಮುಂಚೆ, ಆಮೇಲೆ, ಆಗ. ‘ನೆರು ಮಯೆ ನಿ ಹೊನ್ ಒ ಯೊಮಿಮಶಿತ’, ಮಲಗುವ ಮುಂಚೆ ಪುಸ್ತಕ ಓದಿದೆ. ಓದಿದ್ದು ನಿನ್ನೆಯಾದರೂ ‘ಮಲಗುವ ಮುಂಚೆ’ ಎನ್ನುತ್ತೇವೆ, ‘ಮಲಗಿದ ಮುಂಚೆ’ ಎನ್ನುವುದಿಲ್ಲ. ಹಾಗೇ ‘ಮಯೆ ನಿ’ ಹಿಂದೆ ಯಾವಾಗಲೂ ನಿಘಂಟಿನ ರೂಪ. ‘ಅಶಿತ, ಶಿಗೊತೊ ಗ ಒವತ್ತ ಅತೊ ದೆ ಇಕಿಮಸು’, ನಾಳೆ ಕೆಲಸ ಮುಗಿದ ಮೇಲೆ ಹೋಗುತ್ತೇನೆ. ನಾಳೆಯ ಕೆಲಸವಾದರೂ ‘ಮುಗಿದ ಮೇಲೆ’. ಜಪಾನಿಯಲ್ಲೂ ‘ತ’ ರೂಪ. ‘ಆಗ’ ಎನ್ನುವ ‘ತೊಕಿ’ಯಲ್ಲಿ ಸೊಗಸು ಇನ್ನೂ ಹೆಚ್ಚು. ‘ನಿಹೊನ್ ಎ ಇಕು ತೊಕಿ, ಕಬನ್ ಒ ಕೈಮಶಿತ’ ಎಂದರೆ ಜಪಾನಿಗೆ ಹೋಗುವಾಗ, ಇಲ್ಲೋ ದಾರಿಯಲ್ಲೋ, ಚೀಲ ಕೊಂಡೆ. ‘ಇತ್ತ ತೊಕಿ’ ಎಂದರೆ ಹೋದಾಗ, ಅಂದರೆ ಅಲ್ಲಿಗೆ ತಲುಪಿ ಕೊಂಡದ್ದು. ಬೇರೆ ಭಾಷೆಯವರು ಇದಕ್ಕೆ ಗೆರೆ ಎಳೆದು ಚಿತ್ರ ಬರೆದು ಒದ್ದಾಡುತ್ತಾರೆ. ‘ಹೋಗುವಾಗ’, ‘ಹೋದಾಗ’ ನಮ್ಮ ಬಾಯಲ್ಲೇ ಇವೆ.

‘ಕೊತೊ’. ಕ್ರಿಯೆಯನ್ನು ನಾಮಪದವಾಗಿಸುವುದು ಇದರ ಕೆಲಸ. ಕನ್ನಡದ ‘ಓದುವುದು’, ‘ಓದಿದ್ದು’ ಇದ್ದ ಹಾಗೆ. ‘ಶುಮಿ ವ ಹೊನ್ ಒ ಯೊಮು ಕೊತೊ ದೆಸು’, ಹವ್ಯಾಸ ಪುಸ್ತಕ ಓದುವುದು. ‘ನಿಹೊಂಗೊ ಒ ಹನಸು ಕೊತೊ ಗ ದೆಕಿಮಸು’, ಜಪಾನಿ ಮಾತಾಡಲು ಬರುತ್ತದೆ. ‘ಕ್ಯೋತೊ ಎ ಇತ್ತ ಕೊತೊ ಗ ಅರಿಮಸು’, ಕ್ಯೋಟೊಗೆ ಹೋದದ್ದುಂಟು. ‘ಹೋದದ್ದುಂಟು’, ‘ತಿಂದದ್ದಿಲ್ಲ’ ಎನ್ನುವ ಮಂಗಳೂರು, ಮಲೆನಾಡು ಕಡೆಯವರಿಗೆ ಈ ರಚನೆಯನ್ನು ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

‘ತೊ’, ಅಂದರೆ ನಮ್ಮ ‘ಅಂತ’. ‘ಅಶಿತ ಅಮೆ ಗ ಫುರು ತೊ ಒಮೊಯಿಮಸು’, ನಾಳೆ ಮಳೆ ಬರುತ್ತೆ ಅಂತ ಅನಿಸುತ್ತೆ. ಬರುವುದಿಲ್ಲ ಎನ್ನುವುದಿದ್ದರೆ ನಿಷೇಧ ಒಳಗೇ ಹೋಗಲಿ: ‘ಫುರನೈ ತೊ ಒಮೊಯಿಮಸು’, ಬರಲ್ಲ ಅಂತ ಅನಿಸುತ್ತೆ. ಮತ್ತೊಬ್ಬರ ಅನಿಸಿಕೆ ಹೇಳುವಾಗ ‘ಒಮೊಯಿಮಸು’ ಬಳಸದೆ ‘ಒಮೊತ್ತೆ ಇಮಸು’ ಎನ್ನಬೇಕು. ಇನ್ನೊಬ್ಬರ ಮನಸ್ಸಿನೊಳಗೆ ನೇರವಾಗಿ ನುಗ್ಗುವುದನ್ನು ಜಪಾನಿ ಒಪ್ಪುವುದಿಲ್ಲ. ‘ತನಕ-ಸನ್ ವ ಕೊನೈ ತೊ ಈಮಶಿತ’, ತನಕ ಅವರು ತಾವು ಬರುವುದಿಲ್ಲ ಅಂತ ಹೇಳಿದರು. ಒಳಗೆ ನಾಮಪದ ಬಂದರೆ ‘ದ’ ಬಿಡಬೇಡಿ: ‘ಸೆನ್ಸೇ ದ ತೊ ಒಮೊಯಿಮಸು’, ಮೇಷ್ಟ್ರು ಅಂತ ಅನಿಸುತ್ತೆ. ‘ದೆಸು’ವಿನ ಸರಳರೂಪ ಈ ‘ದ’.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸಬಹುದು. ಉದ್ದೇಶಕ್ಕೆ ‘ತ್ಸುಮೊರಿ’: ‘ರೈನೆನ್ ನಿಹೊನ್ ಎ ಇಕು ತ್ಸುಮೊರಿ ದೆಸು’, ಬರುವ ವರ್ಷ ಜಪಾನಿಗೆ ಹೋಗಬೇಕೆಂದಿದ್ದೇನೆ. ಊಹೆಗೆ ‘ದೆಶೋ’, ‘ಕಮೊಶಿರೆಮಸೆನ್’: ‘ಫುರು ಕಮೊಶಿರೆಮಸೆನ್’, ಬಂದರೂ ಬರಬಹುದು. ಮಾಡಿದರೆ ತಪ್ಪದೆ ಆಗುವುದಕ್ಕೆ ನಿಘಂಟಿನ ರೂಪದ ಮೇಲೆ ‘ತೊ’: ‘ಕೊನೊ ಬೊತನ್ ಒ ಒಸು ತೊ, ಕಿಪ್ಪು ಗ ದೆಮಸು’, ಈ ಗುಂಡಿ ಒತ್ತಿದರೆ ಟಿಕೆಟ್ ಬರುತ್ತದೆ. ಕಾರಣ ವಿವರಿಸುವಾಗ ‘ನ್ ದೆಸು’: ಯಾರಾದರೂ ‘ದೋ ಶಿತ ನ್ ದೆಸು ಕ’ (ಏನಾಯ್ತು) ಎಂದು ಕೇಳಿದರೆ ‘ಅತಮ ಗ ಇತೈ ನ್ ದೆಸು’, ತಲೆನೋವು, ಅದಕ್ಕೇ ಹೀಗೆ.

ಸಲಹೆ ಕೊಡುವ ‘ಹೋ ಗ ಈ’ ಮೇಲೆ ಕಣ್ಣಿಡಿ. ‘ಕುಸುರಿ ಒ ನೊಂದ ಹೋ ಗ ಈ ದೆಸು’, ಔಷಧಿ ತಗೊಂಡರೆ ಒಳ್ಳೆಯದು. ತಗೊಳ್ಳುವುದು ಇನ್ನು ಮುಂದೆ, ರೂಪ ಮಾತ್ರ ಭೂತಕಾಲದ್ದು. ‘ತಗೊಂಡರೆ’ಯಲ್ಲೂ ‘ತಗೊಂಡ’ ಅಡಗಿದೆ. ಬೇಡ ಎನ್ನುವಾಗ ‘ನೈ’ ಬರುತ್ತದೆ, ‘ನಕತ್ತ’ ಅಲ್ಲ: ‘ಒಫುರೊ ನಿ ಹೈರನೈ ಹೋ ಗ ಈ ದೆಸು’, ಸ್ನಾನ ಮಾಡದಿರುವುದು ಒಳ್ಳೆಯದು. ‘ತ’ಕ್ಕೆ ‘ರ’ ಸೇರಿಸಿದರೆ ಷರತ್ತು: ‘ಕಿತರ’ ಬಂದರೆ, ‘ಶಿತರ’ ಮಾಡಿದರೆ, ‘ತಬೆತರ’ ತಿಂದರೆ. ಬಂದ, ಬಂದರೆ, ಕಿತ, ಕಿತರ. ಇಂಥವು ಕಂಡಾಗ ಎರಡೂ ಒಂದೇ ತಾಯಿಯ ಮಕ್ಕಳೇನೋ ಎನಿಸುವುದು ಸಹಜ. ಸುಸುಮು ಓನೊ ಎಂಬ ಜಪಾನಿ ಭಾಷಾತಜ್ಞರು ತಮಿಳಿಗೂ ಜಪಾನಿಗೂ ನಂಟಿದೆ ಎಂದು ವರ್ಷಗಟ್ಟಲೆ ವಾದಿಸಿದರು. ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. ನಾವು ಇದನ್ನು ನೆನಪಿನ ಗಂಟಾಗಿ ಇಟ್ಟುಕೊಂಡರೆ ಸಾಕು.

‘ತಿನ್ನಲಿಲ್ಲ’ ಮತ್ತು ‘ತಿಂದಿಲ್ಲ’

ಊಟ ಆಯ್ತಾ ಎಂದು ಕೇಳಿದಾಗ ಇನ್ನೂ ಆಗಿಲ್ಲ ಎನ್ನಲು ‘ಮದ ತಬೆನಕತ್ತ’ ಎನ್ನುವುದು ಎಲ್ಲ ದೇಶದ ಕಲಿಯುವವರೂ ಮಾಡುವ ತಪ್ಪು. ಸರಿಯಾದದ್ದು ‘ಮದ ತಬೆತೆ ಇನೈ’. ಕನ್ನಡದಲ್ಲಿ ಯೋಚಿಸಿದರೆ ಈ ತಪ್ಪು ಆಗುವುದಿಲ್ಲ. ‘ನಿನ್ನೆ ತಿನ್ನಲಿಲ್ಲ’ ಎಂದರೆ ಮುಗಿದ ಕಥೆ: ‘ಕಿನೋ ತಬೆನಕತ್ತ’. ‘ಇನ್ನೂ ತಿಂದಿಲ್ಲ’ ಎಂದರೆ ತಿಂದು ಪ್ಲಸ್ ಇಲ್ಲ: ‘ತಬೆತೆ’ ಪ್ಲಸ್ ‘ಇನೈ’. ಹಾಗೇ ‘ಕಿತೆ ಇರು’ ಎಂದರೆ ಬಂದಿದ್ದಾನೆ, ಬಂದು ಇಲ್ಲೇ ಇದ್ದಾನೆ. ಎಲ್ಲ ಕ್ರಿಯಾಪದಕ್ಕೂ ಈ ಹೋಲಿಕೆ ನಡೆಯುವುದಿಲ್ಲ. ‘ತಬೆತೆ ಇರು’ ಎಂದರೆ ಸಾಮಾನ್ಯವಾಗಿ ತಿನ್ನುತ್ತಿದ್ದಾನೆ ಎಂದೇ ಅರ್ಥ. ‘ಶಿರು’ (ತಿಳಿ) ಇನ್ನೂ ಹಟಮಾರಿ: ಗೊತ್ತು ಎನ್ನಲು ‘ಶಿತ್ತೆ ಇರು’, ಗೊತ್ತಿಲ್ಲ ಎನ್ನಲು ಬರೀ ‘ಶಿರನೈ’.

ವಾಕ್ಯದ ಕೊನೆಯಲ್ಲಿ ಬಂದಾಗ

ಗೆಳೆಯರ ಜೊತೆ ಮಾತಾಡುವ ಸಲಿಗೆಯ ಶೈಲಿಗೆ ‘ಫುತ್ಸೂತೈ’ ಎನ್ನುತ್ತಾರೆ. ರೂಪದ ಹೆಸರು ‘ಫುತ್ಸೂಕೇ’. ರೂಪ ಬೇರೆ, ಶೈಲಿ ಬೇರೆ. ಶೈಲಿಯಲ್ಲಿ ವಾಕ್ಯದ ಕೊನೆಯೂ ಸರಳರೂಪದಲ್ಲೇ ಮುಗಿಯುತ್ತದೆ. ಪ್ರಶ್ನೆಗೆ ‘ಕ’ ಬೇಡ, ದನಿ ಎತ್ತಿದರೆ ಸಾಕು: ‘ಇಕು?’ ‘ಉನ್, ಇಕು.’ ‘ಉಉನ್, ಇಕನೈ.’ ಈ ‘ಉನ್’, ‘ಉಉನ್’ ನಮ್ಮ ಹೂಂ, ಊಹೂಂ ಎಂದುಕೊಳ್ಳಿ. ‘ಇಕು ಕ’ ಎಂದರೆ ಒರಟಾಗಿ ಕೇಳಬಹುದು.

ಕನ್ನಡದ ಏಕವಚನ ಬಹುವಚನವನ್ನು ಇಲ್ಲಿಗೆ ಹಾಗೇ ತಂದರೆ ಕೆಡುತ್ತದೆ. ‘ಬಂದರು’ ಎಂದಾಗ ನಾವು ಮರ್ಯಾದೆ ಕೊಡುವುದು ಬಂದವರಿಗೆ. ‘ಮಸು’ ಮರ್ಯಾದೆ ಕೊಡುವುದು ಕೇಳುತ್ತಿರುವವರಿಗೆ. ಅದಕ್ಕೆ ಹತ್ತಿರವಾದದ್ದು ನಮ್ಮ ‘ಸಾರ್’ ಅಥವಾ ‘ರೀ’. ‘ತಮ್ಮ ಬಂದ ಸಾರ್’ ಎನ್ನುತ್ತೇವಲ್ಲ, ತಮ್ಮನಿಗೆ ಏಕವಚನ, ಕೇಳುವವರಿಗೆ ಗೌರವ. ಅದು ‘ಒತೋತೊ ಗ ಕಿಮಶಿತ’. ‘ಮೇಷ್ಟ್ರು ಬಂದ್ರೇನೋ’ ಎಂದು ಗೆಳೆಯನನ್ನು ಕೇಳಿದರೆ ಮೇಷ್ಟ್ರಿಗೆ ಗೌರವ, ಗೆಳೆಯನಿಗೆ ಸಲಿಗೆ. ಅದು ‘ಸೆನ್ಸೇ, ಇರಶ್ಶತ್ತ?’ ‘ಇರಶ್ಶರು’ ಎಂಬುದು ಬರು, ಇರು, ಹೋಗುಗಳ ಗೌರವದ ಪದ, ಅದನ್ನೂ ಸರಳರೂಪದಲ್ಲಿ ಇಡಬಹುದು. ಈ ಎರಡು ಗೌರವಗಳನ್ನು ಬೇರೆ ಬೇರೆ ಇಟ್ಟುಕೊಂಡವರಿಗೆ ಮುಂದೆ ‘ಕೇಗೊ’, ಅಂದರೆ ಗೌರವಭಾಷೆ, ಕಲಿಯುವಾಗ ದಾರಿ ಹಸನಾಗುತ್ತದೆ.

ಯಾವಾಗ ಸಲಿಗೆಗೆ ಇಳಿಯಬೇಕು? ನನ್ನ ಸಲಹೆ, ನೀವಾಗಿ ಇಳಿಯಬೇಡಿ. ಕಚೇರಿಯ ಹಿರಿಯರು ನಿಮ್ಮ ಜೊತೆ ಸರಳರೂಪದಲ್ಲಿ ಮಾತಾಡುತ್ತಾರೆ. ಅದು ನೀವೂ ಹಾಗೆ ಮಾತಾಡಿ ಎಂಬ ಆಹ್ವಾನವಲ್ಲ. ಅವರ ‘ತಬೆತ?’ಗೆ ನಿಮ್ಮ ಉತ್ತರ ‘ತಬೆಮಶಿತ’. ಸರೀಕರು ಸ್ವತಃ ಶುರು ಮಾಡಿದ ಮೇಲೆ ನೀವೂ ಸೇರಬಹುದು.

ಎದುರಿಗೆ ಕೇಳುಗರೇ ಇಲ್ಲದಿದ್ದಾಗ ಮಾತ್ರ ಲೆಕ್ಕ ಬೇರೆ. ಜಪಾನಿನ ಪತ್ರಿಕೆಗಳ ಸುದ್ದಿ, ಸಂಶೋಧನಾ ಪ್ರಬಂಧ, ದಿನಚರಿ ಎಲ್ಲವೂ ಸರಳರೂಪದಲ್ಲೇ ಇರುತ್ತವೆ. ಅಲ್ಲಿ ಅಗೌರವದ ಸುಳಿವೂ ಇಲ್ಲ. ಹಾಗಾಗಿ ಅಭ್ಯಾಸಕ್ಕೆ ದಿನಚರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ರಾತ್ರಿ ನಾಲ್ಕು ಸಾಲು: ‘ಕ್ಯೋ ವ ಹಚಿಜಿ ನಿ ಒಕಿತ. ಅಮೆ ಗ ಫುತ್ತ. ಕೈಶ ಎ ಇಕನಕತ್ತ. ಅಶಿತ ವ ಇಕು.’ ಇಂದು ಎಂಟಕ್ಕೆ ಎದ್ದೆ, ಮಳೆ ಬಂತು, ಆಫೀಸಿಗೆ ಹೋಗಲಿಲ್ಲ, ನಾಳೆ ಹೋಗುತ್ತೇನೆ. ಒಂದು ವಾರ ಹೀಗೆ ಬಿಡಿ ವಾಕ್ಯ ಬರೆದ ಮೇಲೆ ಎರಡನ್ನು ಒಂದರೊಳಗೊಂದು ಹೊಲಿಯಿರಿ: ‘ಕಿನೋ ಕತ್ತ ಹೊನ್ ಒ, ನೆರು ಮಯೆ ನಿ ಯೊಂದ’, ನಿನ್ನೆ ಕೊಂಡ ಪುಸ್ತಕವನ್ನು ಮಲಗುವ ಮುಂಚೆ ಓದಿದೆ. ಇದೇ ವಾಕ್ಯವನ್ನು ಮರುದಿನ ತರಗತಿಯಲ್ಲಿ ಹೇಳುವಾಗ ಕೊನೆಯ ‘ಯೊಂದ’ ಒಂದನ್ನು ‘ಯೊಮಿಮಶಿತ’ ಮಾಡಿ. ‘ಕತ್ತ’, ‘ನೆರು’ ಮುಟ್ಟಬೇಡಿ.

ಕಿವಿಗೂ ಒಂದಿಷ್ಟು ತಯಾರಿ ಬೇಕು. ಮಾತಿನ ಭರದಲ್ಲಿ ‘ವಕರನೈ’ (ಅರ್ಥವಾಗುತ್ತಿಲ್ಲ) ‘ವಕನ್ನೈ’ ಆಗುತ್ತದೆ, ‘ಶಿತೆ ಇರು’ (ಮಾಡುತ್ತಿದ್ದಾನೆ) ‘ಶಿತೆರು’ ಆಗುತ್ತದೆ, ‘ತಬೆನಕೆರೆಬ’ (ತಿನ್ನದಿದ್ದರೆ) ‘ತಬೆನಕ್ಯ’ ಆಗುತ್ತದೆ. ನಾಟಕ, ಅನಿಮೆ ನೋಡುವಾಗ ಇವು ಕೇಳಿದರೆ ನಿಲ್ಲಿಸಿ, ಪೂರ್ತಿ ರೂಪ ಯಾವುದೆಂದು ಬಾಯಲ್ಲಿ ಹೇಳಿ ಮುಂದಕ್ಕೆ ಹೋಗಿ. ಅನಿಮೆಯ ನಾಯಕರು ಆಡುವ ಒರಟು ಮಾತುಗಳನ್ನು ಕೇಳಿ ಗುರುತಿಸಿದರೆ ಸಾಕು, ಕಚೇರಿಗೆ ಕೊಂಡೊಯ್ಯುವುದು ಬೇಡ.